ಗುಲ್ಮಾರ್ಗ್‌ನಲ್ಲಿ ಮುಹೂರ್ತ: ಹಿಮದ ಮದುವೆ ಮಾಡಿಸುವವಳ ಅನುಭವದ ಪಾಠಗಳು

ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ ಮದುವೆ ಮಾಡಿಸುವುದು ನನ್ನ ಕಸುಬು. ಈಚೆಗೆ ಚಳಿಗಾಲದ ಕೆಲಸದಲ್ಲಿ ಒಂದು ಪಾಲು ಕಾಶ್ಮೀರಕ್ಕೆ ಹೋಗಿದೆ. ಹುಡುಗ ಹುಡುಗಿ ಮೊಬೈಲಿನಲ್ಲಿ ಒಂದು ಫೋಟೊ ಹಿಡಿದು ಬರುತ್ತಾರೆ: ಬಿಳಿ ಬಯಲು, ಹಿಂದೆ ಪೈನ್ ಮರದ ಸಾಲು, ನಡುವೆ ಕೆಂಪು ರೇಷ್ಮೆ. ಪಕ್ಕದಲ್ಲಿ ಕೂತ ಅಮ್ಮ "ಅಲ್ಲಿ ಊಟಕ್ಕೆ ಏನ್ಮಾಡ್ತೀರಮ್ಮಾ?" ಎಂದು ಕೇಳುತ್ತಾರೆ. ಎರಡೂ ಕಡೆಯವರಿಗೆ ನಾನು ಮೊದಲೇ ಹೇಳಿಬಿಡುವ ಮಾತೊಂದಿದೆ. ಒಂದು ಚೂರೂ ಹಿಮ ಬೀಳದಿದ್ದರೂ ಮದುವೆ ನಡೆಯಬೇಕು, ಒಂದೇ ರಾತ್ರಿ ಮೂರಡಿ ಬಿದ್ದರೂ ನಡೆಯಬೇಕು. ಈ ಎರಡಕ್ಕೂ ತಯಾರಿದ್ದರೆ ಮಾತ್ರ ಮುಂದಿನ ಲೆಕ್ಕ.

ಮನಾಲಿ, ಔಲಿ, ತ್ರಿಯುಗಿನಾರಾಯಣಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಇಲ್ಲಿ ಬರೆದಿರುವುದು ಬಹುಪಾಲು ಗುಲ್ಮಾರ್ಗ್‌ನಲ್ಲಿ ಕಲಿತದ್ದು.

1. ಪಂಚಾಂಗವನ್ನೂ ಚಳಿಯ ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಂಡು ದಿನ ನೋಡಿ

ಕಾಶ್ಮೀರಿಗಳ ಚಳಿಗಾಲಕ್ಕೆ ತನ್ನದೇ ಲೆಕ್ಕವಿದೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್, ಕಡು ಚಳಿ. ಆಮೇಲೆ 20 ದಿನ ಚಿಲ್ಲಾಯ್ ಖುರ್ದ್, ಕೊನೆಯ 10 ದಿನ ಚಿಲ್ಲಾಯ್ ಬಚ್ಚಾ. ನಮ್ಮಲ್ಲಿ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆ ಮಾಡುವುದಿಲ್ಲ. ಹಾಗಾಗಿ ಕ್ರಿಸ್‌ಮಸ್, ಹೊಸ ವರ್ಷದ ದುಬಾರಿ ವಾರಗಳು ತಾವಾಗಿಯೇ ತಪ್ಪುತ್ತವೆ. ಉಳಿಯುವುದು ಜನವರಿ ಕೊನೆ ಮತ್ತು ಫೆಬ್ರವರಿ. ಹಿಮ ಚೆನ್ನಾಗಿ ಕೂತಿರುವ ಕಾಲವೂ ಅದೇ. ಆ ವರ್ಷ ಶುಕ್ರಾಸ್ತವೋ ಗುರುಮೌಢ್ಯವೋ ನಡುವೆ ಬಂದರೆ ದಿನಗಳು ಇನ್ನೂ ಕಡಿಮೆಯಾಗುತ್ತವೆ. ಆದ್ದರಿಂದ ಹೋಟೆಲಿಗೆ ಮುಂಗಡ ಕೊಡುವ ಮೊದಲು ಪುರೋಹಿತರಿಗೆ ಫೋನ್ ಮಾಡಿ.

ಜನವರಿ 26ರ ಆಸುಪಾಸು ಬೇಡ. ದಾರಿಯುದ್ದಕ್ಕೂ ತಪಾಸಣೆ ಹೆಚ್ಚಿರುತ್ತದೆ, ನೂರು ಜನರ ಗುಂಪನ್ನು ಸಾಗಿಸುವುದು ಕಷ್ಟ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಹೊಳೆಯುವುದೇ ಇಲ್ಲ. 2026ರಲ್ಲಿ ರಂಜಾನ್ ತಿಂಗಳು ಫೆಬ್ರವರಿ ಮೂರನೇ ವಾರದಲ್ಲಿ ಬಂತು. ಮುಂದಿನ ವರ್ಷಗಳಲ್ಲಿ ಅದು ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಹಿಮದ ಕಾಲದ ಒಳಕ್ಕೇ ಬರುತ್ತದೆ. ಹೋಟೆಲಿನ ಹುಡುಗರು, ಚಾಲಕರು, ಸ್ಲೆಡ್ಜ್ ಎಳೆಯುವವರು ಬಹುತೇಕ ಎಲ್ಲರೂ ಉಪವಾಸದಲ್ಲಿರುತ್ತಾರೆ. ಸಂಜೆ ಐದೂವರೆಗೆ ಸಂಗೀತ ಕಾರ್ಯಕ್ರಮ ಇಟ್ಟು, ಆರಕ್ಕೆ ಕಾಫಿ ಎಲ್ಲಿ ಎಂದು ಕೂಗಾಡುವುದು ಮರ್ಯಾದೆಯಲ್ಲ. ಸೂರ್ಯಾಸ್ತದ ಹೊತ್ತಿಗೆ ಒಂದು ಗಂಟೆ ಬಿಡುವು ಕೊಟ್ಟು, ಇಫ್ತಾರ್‌ಗೆ ಖರ್ಜೂರ, ಹಣ್ಣು ನಮ್ಮ ಖರ್ಚಿನಲ್ಲೇ ಇಟ್ಟರೆ ರಾತ್ರಿಯ ಕೆಲಸ ಸಲೀಸಾಗಿ ಆಗುತ್ತದೆ.

2. ಹಿಮ ಬಂದೇ ಬರುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ

2024ರ ಜನವರಿಯಲ್ಲಿ ಗುಲ್ಮಾರ್ಗ್ ಬಯಲು ಕಂದು ಹುಲ್ಲಾಗಿ ಮಲಗಿತ್ತು. ಸ್ಕೀ ಆಡಲು ಬಂದವರು ಸುಮ್ಮನೆ ಹಿಂದಿರುಗಿದರು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಸುತ್ತನ್ನೇ ಮುಂದೂಡಿದರು. ಸರಕಾರದ ಕ್ರೀಡಾಕೂಟಕ್ಕೇ ಸಿಗದ ಹಿಮ ನಿಮ್ಮ ಆರತಕ್ಷತೆಗೆ ಸಿಗುತ್ತದೆಂದು ನಾನು ಬರೆದುಕೊಡಲಾರೆ.

ಕಾಶ್ಮೀರದ ಹಿಮ ಬರುವುದು ಮೆಡಿಟರೇನಿಯನ್ ಕಡೆಯಿಂದ ತೇಲಿಬರುವ ಪಶ್ಚಿಮದ ಮಾರುತಗಳಿಂದ. ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರ ನಾಲ್ಕೈದು ದಿನ ಮೊದಲು ಹೇಳಿದ್ದನ್ನು ನಂಬಬಹುದು. ತಿಂಗಳ ಮೊದಲೇ ಮೊಬೈಲ್ ಆ್ಯಪ್ ತೋರಿಸುವ ಹಿಮದ ಚಿತ್ರವನ್ನು ನಂಬಿ ಟಿಕೆಟ್ ಬುಕ್ ಮಾಡಬೇಡಿ. ಕೆಳಗೆ ಹಿಮವಿಲ್ಲದಿದ್ದರೆ ಗೊಂಡೊಲಾ ಎಂಬ ಕೇಬಲ್ ಕಾರಿನಲ್ಲಿ ಮೇಲಕ್ಕೆ ಹೋಗುವ ದಾರಿಯೊಂದಿದೆ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಮೊದಲ ಹಂತದ ಕೊಂಗ್‌ದೂರಿ 3,000 ಮೀಟರ್ ದಾಟುತ್ತದೆ. ಗಂಡು ಹೆಣ್ಣು, ಫೋಟೊದವರು, ನಾಲ್ಕು ಜನ ಗೆಳೆಯರು ಅಲ್ಲಿಗೆ ಹೋಗಿಬಂದರೆ ಸಾಕು. ಎರಡನೇ ಹಂತದ ಅಫರ್ವತ್‌ಗೆ ನಾನು ಮದುವೆಯ ಗುಂಪನ್ನು ಕಳಿಸುವುದಿಲ್ಲ. ಅದು 3,900 ಮೀಟರಿಗೂ ಮೇಲೆ. 2023 ಮತ್ತು 2024ರ ಫೆಬ್ರವರಿಗಳಲ್ಲಿ ಆ ಇಳಿಜಾರಿನ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀ ಆಟಗಾರರು ಸತ್ತಿದ್ದಾರೆ. ಗಾಳಿ ಜೋರಾದರೆ ಗೊಂಡೊಲಾ ನಿಲ್ಲುತ್ತದೆ ಎಂಬುದೂ ನೆನಪಿರಲಿ.

3. ಬೆಂಗಳೂರಿನ ಲಗ್ನ ಅಲ್ಲಿಗೆ ನಡೆಯುವುದಿಲ್ಲ

"ಊರಿನ ಅಕ್ಷಾಂಶ ರೇಖಾಂಶ ಕಳಿಸಮ್ಮಾ, ಇಲ್ಲಿಗೆ ಬರೆದ ಹೊತ್ತು ಅಲ್ಲಿಗೆ ಆಗಲ್ಲ" ಎಂದು ನನಗೆ ಹೇಳಿಕೊಟ್ಟವರು ಬಸವನಗುಡಿಯ ಒಬ್ಬ ಶಾಸ್ತ್ರಿಗಳು. ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹೊತ್ತಿಗೆ, ಗುಲ್ಮಾರ್ಗ್‌ನಲ್ಲಿ ಏಳೂವರೆಗೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಗುಲ್ಮಾರ್ಗ್ 34ರಲ್ಲಿ. ಉತ್ತರಕ್ಕೆ ಹೋದಷ್ಟೂ ಮೀನ, ಮೇಷ ಲಗ್ನಗಳ ಅವಧಿ ಕುಗ್ಗುತ್ತದೆ. ಫೆಬ್ರವರಿಯ ಬೆಳಗಿನ ಮುಹೂರ್ತಗಳು ಹೆಚ್ಚಾಗಿ ಈ ಎರಡರಲ್ಲೇ ಬರುವುದು. ಇಲ್ಲಿ ಒಂದೂವರೆ ಗಂಟೆ ಸಮಯವಿದೆ ಎಂದು ಅಲಂಕಾರ ನಿಧಾನ ಮಾಡಿದರೆ ಅಲ್ಲಿ ಲಗ್ನವೇ ಜಾರಿಹೋಗಿರುತ್ತದೆ.

ನಡುಹಗಲಿನ ಅಭಿಜಿನ್ ಲಗ್ನ ಸಿಕ್ಕಿದರೆ ಬಿಡಬೇಡಿ. ಗುಲ್ಮಾರ್ಗ್‌ನ ನಡುಹಗಲು ಬೆಂಗಳೂರಿನದಕ್ಕಿಂತ ಹತ್ತು ಹದಿನೈದು ನಿಮಿಷ ತಡ. ದಿನದಲ್ಲಿ ಬಿಸಿಲು ಹೆಚ್ಚಿರುವ ಹೊತ್ತೂ ಅದೇ. ಬೆಳಗಿನ ಜಾವದ ಬ್ರಾಹ್ಮೀ ಮುಹೂರ್ತದ ಮಾತೆತ್ತಿದರೆ ನಾನು ಕೈಮುಗಿಯುತ್ತೇನೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಎಣ್ಣೆ ಅರಿಶಿನ ಹಚ್ಚಿ ಮಂಗಳಸ್ನಾನ ಮಾಡಿಸುವ ಧೈರ್ಯ ನನಗಿಲ್ಲ.

4. ಒಂದು ಇಡೀ ದಿನ ಖಾಲಿ ಬಿಡಿ

ವರಪೂಜೆಗೂ ಎಲ್ಲರೂ ಬಂದಿಳಿಯುವ ದಿನಕ್ಕೂ ನಡುವೆ ಏನೂ ಕಾರ್ಯಕ್ರಮವಿಲ್ಲದ ಒಂದು ದಿನ ಇರಲೇಬೇಕು. ಈ ದಿನದ ಖರ್ಚಿನ ಬಗ್ಗೆ ಪ್ರತಿ ಮನೆಯವರೂ ಜಗಳ ಮಾಡುತ್ತಾರೆ. ನಾನು ಬಗ್ಗುವುದಿಲ್ಲ. ಜನವರಿಯ ಬೆಳಿಗ್ಗೆ ದೆಹಲಿಯಲ್ಲಿ ಮಂಜು ಕವಿದಿರುತ್ತದೆ, ಶ್ರೀನಗರದಲ್ಲಿ ಹಿಮ ಸುರಿಯುತ್ತಿದ್ದರೆ ವಿಮಾನ ಇಳಿಯುವುದಿಲ್ಲ. ಎರಡರಲ್ಲಿ ಯಾವುದಾದರೂ ಒಂದಾದರೆ ಸಾಕು, ಅರ್ಧ ಬೀಗರು ದೆಹಲಿಯಲ್ಲೇ ಉಳಿಯುತ್ತಾರೆ.

ದೆಹಲಿ ದಾಟುವ ವಿಮಾನ ನಡುಹಗಲಿನದಿರಲಿ. ಪುರೋಹಿತರು, ಅಡುಗೆಯವರು, ಓಲಗದವರು ಬೀಗರಿಗಿಂತ ಎರಡು ದಿನ ಮುಂಚೆ ತಲುಪಲಿ. ಗಂಡಿನ ತಂದೆ ತಡವಾಗಿ ಬಂದರೂ ಮದುವೆ ನಡೆಯುತ್ತದೆ, ಪುರೋಹಿತರು ತಡವಾದರೆ ನಡೆಯುವುದಿಲ್ಲ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ರೈಲು ಓಡುತ್ತಿರುವುದು ನಮ್ಮಂಥವರಿಗೆ ದೊಡ್ಡ ಅನುಕೂಲ. ಮೊದಲು ವಿಮಾನ ರದ್ದಾದರೆ ಜಮ್ಮುವಿನಿಂದ ಹೆದ್ದಾರಿಯೇ ಗತಿ, ಅದೂ ರಾಮ್‌ಬನ್, ಬನಿಹಾಲ್ ಕಡೆ ಕುಸಿದು ಮುಚ್ಚಿರುತ್ತಿತ್ತು. ಈಗ ಗುಂಪಿನ ಅತಿ ಮುಖ್ಯವಾದ ಏಳೆಂಟು ಜನರಿಗೆ ರೈಲು ಟಿಕೆಟ್ಟನ್ನೂ ತೆಗೆದಿಟ್ಟಿರುತ್ತೇನೆ. ಬೇಡವಾದರೆ ರದ್ದು ಮಾಡಿದರಾಯಿತು.

5. ಕೊನೆಯ ಹದಿಮೂರು ಕಿಲೋಮೀಟರ್

ಶ್ರೀನಗರದಿಂದ ತಂಗ್‌ಮಾರ್ಗ್‌ವರೆಗೆ ಬಸ್ಸು ಬರುತ್ತದೆ. ಅಲ್ಲಿಂದ ಗುಲ್ಮಾರ್ಗ್‌ಗೆ ಹದಿಮೂರು ಕಿಲೋಮೀಟರ್ ತಿರುವಿನ ಏರು. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಅಥವಾ ಫೋರ್ ವ್ಹೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಬಿಡುತ್ತಾರೆ. ಅವನ್ನು ಓಡಿಸುವವರು ತಂಗ್‌ಮಾರ್ಗ್‌ನ ಸ್ಥಳೀಯ ಚಾಲಕರು. ಶ್ರೀನಗರದಲ್ಲಿ ಗೊತ್ತು ಮಾಡಿದ ಟೆಂಪೊ ಟ್ರಾವೆಲರ್ ಮೇಲಕ್ಕೂ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ಥಳೀಯ ಚಾಲಕರ ಜೊತೆ ಮೊದಲೇ ಮಾತಾಡಿ, ಗಾಡಿಗೆ ಐದು ಜನ ಎಂದು ಪಟ್ಟಿ ಬರೆದು, ಸೂಟ್‌ಕೇಸುಗಳನ್ನು ಬೇರೆ ಗಾಡಿಯಲ್ಲಿ ಕಳಿಸಬೇಕು. ಕತ್ತಲಾದ ಮೇಲೆ ಈ ದಾರಿ ಹಿಡಿಯಬೇಡಿ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ವಿಮಾನ ಇಳಿದ ಕೂಡಲೇ ಸೋದರಮಾವನ ಫೋನ್ ಸತ್ತುಹೋದರೆ ಅವರು ಯಾವ ಗಾಡಿ ಹತ್ತಬೇಕು? ಕಾಗದದಲ್ಲಿ ಮುದ್ರಿಸಿದ ಒಂದು ಹಾಳೆ, ಗಾಡಿಯ ನಂಬರು, ಕೋಣೆಯ ನಂಬರು, ನಮ್ಮವರ ಪೋಸ್ಟ್‌ಪೇಯ್ಡ್ ನಂಬರು ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ.

6. ಚಪ್ಪರದ ಮೇಲೆ ಬೀಳುವುದು ಹತ್ತಿಯಲ್ಲ

ಹೊಸ ಹಿಮ ನೋಡಲು ಹಗುರ. ಆದರೆ ಒಂದಡಿ ಹಿಮ ಒಂದು ಚದರ ಮೀಟರಿನ ಮೇಲೆ ಸುಮಾರು 30 ಕಿಲೋ ತೂಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಶಾಮಿಯಾನದ ಮೇಲೆ ರಾತ್ರಿ ಒಂದಡಿ ಬಿದ್ದರೆ ಬೆಳಗಾಗುವ ಹೊತ್ತಿಗೆ ಮೂರು ಟನ್. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ನಮ್ಮ ಕಡೆಯ ಶಾಮಿಯಾನದ ಕಂಬ, ಬಟ್ಟೆ ಇದಕ್ಕೆ ಹುಟ್ಟಿದ್ದಲ್ಲ. ಅಲ್ಲಿನ ಮನೆಗಳ ತಗಡಿನ ಚಾವಣಿ ಕಡಿದಾಗಿ ಇಳಿದಿರುವುದು ಇದೇ ಕಾರಣಕ್ಕೆ. ಆದ್ದರಿಂದ ಹೊರಗೆ ಮಂಟಪ ಬೇಕೇ ಬೇಕೆಂದರೆ ತಲೆಯ ಮೇಲೆ ಏನೂ ಇಲ್ಲದ, ನಾಲ್ಕು ಕಂಬ ಮತ್ತು ಹೂವಿನ ತೋರಣದ ಚೌಕಟ್ಟು ಮಾತ್ರ ಹಾಕಿಸುತ್ತೇನೆ. ಅದರ ಕೆಳಗೆ ಹಲಗೆಯ ವೇದಿಕೆ, ಹಲಗೆಯ ಮೇಲೆ ಕಾಶ್ಮೀರಿ ನಮ್ದಾ ಜಮಖಾನ. ಬರೀ ಹಿಮದ ಮೇಲೆ ಕುರ್ಚಿ ಇಟ್ಟರೆ ಭಾರ ಇರುವವರ ಕುರ್ಚಿ ಮೊದಲು ಇಳಿಯುತ್ತದೆ. ಮದುವೆಮನೆಯಲ್ಲಿ ಅದರಿಂದ ಏಳುವ ನಗೆ ಎಲ್ಲರಿಗೂ ಹಿತವಾಗಿರುವುದಿಲ್ಲ.

7. ಧಾರೆ ಒಳಗೆ, ಫೋಟೊ ಹೊರಗೆ

ಇದು ನನ್ನ ಕಟ್ಟುನಿಟ್ಟಿನ ನಿಯಮ. ನಾಂದಿ, ಧಾರೆ, ಮಾಂಗಲ್ಯಧಾರಣೆ, ಹೋಮ, ಸಪ್ತಪದಿ ಎಲ್ಲವೂ ಬಿಸಿ ಮಾಡಿದ ಸಭಾಂಗಣದಲ್ಲಿ, ದೊಡ್ಡ ಗಾಜಿನ ಕಿಟಕಿಯ ಪಕ್ಕ. ಮಂತ್ರ ಮುಗಿದ ಮೇಲೆ ಗಂಡು ಹೆಣ್ಣು ಇಪ್ಪತ್ತು ನಿಮಿಷ ಹೊರಗೆ ಹೋಗಿಬರಲಿ. ಪುರೋಹಿತರು ಶಲ್ಯ ಹೊದ್ದು ಬರಿಮೈಯಲ್ಲಿ ಎರಡು ಗಂಟೆ ಕೂರುವವರು, ಅವರ ಮೇಲೂ ಕರುಣೆ ಇರಲಿ. ಧಾರೆ ಎರೆಯುವ ನೀರು ಉಗುರುಬೆಚ್ಚಗಿರಲಿ. ಕನ್ಯಾದಾನದ ಹೊತ್ತಿಗೆ ಅಪ್ಪನ ಕಣ್ಣಲ್ಲಿ ನೀರು ಬರುವುದು ಮಗಳಿಗಾಗಿಯೇ ಆಗಲಿ, ತಣ್ಣೀರಿಗಲ್ಲ.

ಒಳಗೆ ಹೋಮ ಎಂದ ಕೂಡಲೇ ಹೋಟೆಲಿನವರು ಬೆಚ್ಚುತ್ತಾರೆ, ಅವರದೂ ತಪ್ಪಲ್ಲ. ಗುಲ್ಮಾರ್ಗ್‌ನ ಕಟ್ಟಡಗಳಲ್ಲಿ ಗೋಡೆ, ಸೂರು, ನೆಲ ಎಲ್ಲೆಲ್ಲೂ ಮರವೇ. ಹೊಗೆ ಪತ್ತೆಯ ಯಂತ್ರ ಕೂಗಿದರೆ ಹೋಮದ ನಡುವೆ ಇಡೀ ಹೋಟೆಲು ಹೊರಗೆ ಓಡುತ್ತದೆ. ಹೋಮಕ್ಕೆ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲೇ ಬರೆಸಿ. ಕೆಳಗೆ ತಗಡು, ಅದರ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ, ಆಮೇಲೆ ಚಿಕ್ಕ ಹೋಮಕುಂಡ. ಆ ಒಂದು ಸಭಾಂಗಣದ ಹೊಗೆ ಪತ್ತೆಯ ಯಂತ್ರವನ್ನು ಹೋಟೆಲಿನ ತಂತ್ರಜ್ಞರೇ ಅಷ್ಟು ಹೊತ್ತು ನಿಲ್ಲಿಸಬೇಕು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದವನೊಬ್ಬ ಅಲ್ಲೇ ನಿಂತಿರಬೇಕು. ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಲಿ. ಸಮಿತ್ತು, ತುಪ್ಪ ಎರಡನ್ನೂ ಹಿಂದಿನ ರಾತ್ರಿಯೇ ಬಿಸಿ ಕೋಣೆಗೆ ತಂದಿಡಿ. ಇಲ್ಲದಿದ್ದರೆ ಸಮಿತ್ತು ಹೊಗೆಯುತ್ತದೆ, ತುಪ್ಪ ಸ್ರುವದಿಂದ ಇಳಿಯುವುದಿಲ್ಲ.

ಓಲಗವೂ ಒಳಗೇ. ಹೊರಗಿನ ಚಳಿಯಲ್ಲಿ ನಾದಸ್ವರದ ಶ್ರುತಿ ಇಳಿಯುತ್ತದೆ, ಊದುವವರ ಬೆರಳು ಮರಗಟ್ಟುತ್ತದೆ.

8. ಅಡುಗೆಮನೆಯಲ್ಲಿ ನೀರು ತೊಂಬತ್ತೊಂದಕ್ಕೇ ಕುದಿಯುತ್ತದೆ

ಹಿಮದ ಮದುವೆ ಗೆಲ್ಲುವುದೂ ಸೋಲುವುದೂ ಇಲ್ಲಿ. 2,650 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 91 ಡಿಗ್ರಿಗೇ ಕುದಿಯಲು ಶುರು. ಕೊಪ್ಪರಿಗೆಯಲ್ಲಿ ಬೇಳೆ ಎಷ್ಟು ಕೊತಕೊತ ಎಂದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಸಾವಿರ ಜನಕ್ಕೆ ಬೇಯಿಸಿದ ಭಟ್ಟರು ಕೂಡ ಮೊದಲ ದಿನ "ಇದೇನಮ್ಮಾ, ಅಕ್ಕಿ ಸರಿಯಿಲ್ಲ" ಎನ್ನುತ್ತಾರೆ. ಅಕ್ಕಿ ಸರಿಯಾಗಿಯೇ ಇರುತ್ತದೆ. ತೆರೆದ ಪಾತ್ರೆಯ ಅಡುಗೆ ಬಿಟ್ಟು ದೊಡ್ಡ ಪ್ರೆಷರ್ ಕುಕ್ಕರುಗಳಿಗೆ ಬರಬೇಕು, ಬೇಳೆಯನ್ನು ರಾತ್ರಿಯೇ ನೆನೆಹಾಕಬೇಕು, ಒಂದೆರಡು ವಿಷಲ್ ಹೆಚ್ಚು ಕೂಗಿಸಬೇಕು.

ಬೆಳಗಿನ ನಾಲ್ಕು ಗಂಟೆಗೆ ಆ ಅಡುಗೆಮನೆಗೆ ಒಮ್ಮೆ ಇಣುಕಬೇಕು. ಸಿಲಿಂಡರಿನ ಮೈತುಂಬ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿದೆ, ಒಲೆಯ ಮೇಲೆ ಉರಿ ನೀಲಿ ಚುಕ್ಕಿಯಷ್ಟು. ಅಲ್ಲಾಡಿಸಿದರೆ ಒಳಗೆ ಗ್ಯಾಸ್ ತುಂಬಿರುವುದು ಗೊತ್ತಾಗುತ್ತದೆ. ಅದರಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಅಡುಗೆಯ ಹುಡುಗ ಅಗಲವಾದ ಟಬ್ಬಿನಲ್ಲಿ ಬೆಚ್ಚನೆಯ ನೀರು ತುಂಬಿ ಸಿಲಿಂಡರನ್ನು ಅದರಲ್ಲಿ ನಿಲ್ಲಿಸುತ್ತಾನೆ. ಐದು ನಿಮಿಷದಲ್ಲಿ ಉರಿ ಏಳುತ್ತದೆ, ಭಟ್ಟರ ಮುಖವೂ ಅರಳುತ್ತದೆ. ಸಿಲಿಂಡರಿಗೆ ಬೆಂಕಿ ತೋರಿಸಿ ಬಿಸಿ ಮಾಡುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಕೂಡದು.

ಇಡ್ಲಿ ಹಿಟ್ಟು ಅಲ್ಲಿ ಹುಳಿ ಬರುವುದಿಲ್ಲ. ಕಂಬಳಿ ಸುತ್ತಿ ಬಿಸಿ ಕೋಣೆಯಲ್ಲಿಟ್ಟು ಒಂದೂವರೆ ದಿನ ಕಾಯುವ ಬದಲು ರವೆ ಇಡ್ಲಿ ಮಾಡಿಸಿ. ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಎಂಟಿಆರ್‌ನವರು ಹುಟ್ಟಿಸಿದ ಈ ತಿಂಡಿಗೆ ಹುದುಗಿನ ಹಂಗಿಲ್ಲ. ಬಿಸಿಬೇಳೆ ಬಾತ್ ಹಿಮದ ಊರಿಗೆ ಹೇಳಿ ಮಾಡಿಸಿದ ಊಟ, ಬಕೆಟ್ಟಿನಲ್ಲಿ ಅರ್ಧ ಗಂಟೆ ಬಿಸಿ ಹಿಡಿದಿರುತ್ತದೆ. ಸಾರನ್ನು ಲೋಟದಲ್ಲಿ ಕೊಡಿ, ಎರಡನೇ ಸಲ ಕೇಳದವರಿಲ್ಲ. ಒಬ್ಬಟ್ಟನ್ನು ಬೆಂಗಳೂರಿನಲ್ಲೇ ಮಾಡಿಸಿ ತಂದು ಅಲ್ಲಿ ಕಾವಲಿಯ ಮೇಲೆ ತುಪ್ಪ ಹಾಕಿ ಬಿಸಿ ಮಾಡಿಸುತ್ತೇನೆ. ಮೊಸರನ್ನವನ್ನು ಸಂಪ್ರದಾಯಕ್ಕೆಂದು ಇಡುತ್ತೇವೆ, ಅಷ್ಟೇ.

ಬಾಳೆ ಎಲೆ ಚಳಿಗೆ ಕಪ್ಪಾಗಿ ಹರಿಯುತ್ತದೆ. ನೂರು ಜನರ ಪಂಕ್ತಿ ಕೂರಿಸಿದರೆ ಕೊನೆಯವರಿಗೆ ಪಲ್ಯ ಬರುವ ಹೊತ್ತಿಗೆ ಮೊದಲನೆಯವರ ಅನ್ನ ತಣ್ಣಗಾಗಿರುತ್ತದೆ. ಇಪ್ಪತ್ತೈದು ಜನರ ಚಿಕ್ಕ ಪಂಕ್ತಿ, ಬಿಸಿ ಮಾಡಿದ ತಟ್ಟೆ, ಹಿರಿಯರಿಗೆ ಮಾತ್ರ ಎಲೆ. ಅಲ್ಲಿನ ಹೋಟೆಲುಗಳ ಅಡುಗೆಮನೆ ಮಾಂಸಾಹಾರದ್ದು. ಮಡಿಯ ಮನೆಯವರಾದರೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಕೋಣೆ ಬೇಕೆಂದು ಮೊದಲ ದಿನವೇ ಹೇಳಬೇಕು. ಅಲ್ಲಿನವರ ನದ್ರು, ಅಂದರೆ ತಾವರೆ ದಂಟು, ಪಲ್ಯಕ್ಕೆ ಬಹಳ ಚೆನ್ನ. ಹಾಕ್ ಸೊಪ್ಪು ಕೂಡ. ನೂರು ಕಿಲೋ ತರಕಾರಿ ಬೆಂಗಳೂರಿನಿಂದ ಹೊರುವ ಹುಚ್ಚು ಬೇಡ.

9. ಕೊಬ್ಬರಿ, ಕರ್ಪೂರ ವಿಮಾನ ಹತ್ತುವುದಿಲ್ಲ

ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು ಎಂದು ಅದನ್ನು ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಕರ್ಪೂರ, ಬೆಂಕಿಪೊಟ್ಟಣವೂ ಅಷ್ಟೇ. ಕೊಬ್ಬರಿ ಗಿಟುಕಿಲ್ಲದೆ ಯಾವ ಶಾಸ್ತ್ರ ನಡೆದೀತು? ಇವನ್ನು ರಸ್ತೆಯ ಪಾರ್ಸೆಲ್ಲಿನಲ್ಲಿ ಎರಡು ವಾರ ಮುಂಚೆ ಕಳಿಸಿ, ಇಲ್ಲವೇ ದೇವಸ್ಥಾನಗಳ ಊರಾದ ಜಮ್ಮುವಿನಲ್ಲಿ ಕೊಳ್ಳಿ. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತನ್ನಿ. ಜೀರಿಗೆ ಬೆಲ್ಲ, ಅರಿಶಿನ ಕೊಂಬು, ಬಾಸಿಂಗ, ಅಂತರಪಟ ಇವೆಲ್ಲ ಹುಡುಗಿಯ ಅಮ್ಮನ ಚೀಲದಲ್ಲಿರಲಿ. ಶ್ರೀನಗರದಿಂದ ಮರಳುವಾಗ ವಿಮಾನ ನಿಲ್ದಾಣದ ಹೊರಗೇ ಗಾಡಿಯಿಂದ ಎಲ್ಲ ಸಾಮಾನು ಇಳಿಸಿ ಒಮ್ಮೆ ತಪಾಸಣೆ ಮಾಡುತ್ತಾರೆ, ಒಳಗೆ ಮತ್ತೆ ಮಾಡುತ್ತಾರೆ. ಮೂರು ಗಂಟೆ ಮುಂಚೆ ಅಲ್ಲಿಗೆ ತಲುಪಿ.

10. ಮದುಮಗಳ ಕಾಲು

ಫೋಟೊದಲ್ಲಿ ಕಾಣುವುದು ಸೀರೆ, ನೋಯುವುದು ಕಾಲು. ಸೀರೆಯ ಒಳಗೆ ಉಣ್ಣೆಯ ಬೂಟು ಹಾಕಿದರೆ ಯಾರಿಗೂ ಕಾಣುವುದಿಲ್ಲ, ನಾಚಿಕೆ ಬೇಡ. ಕಾಲುಂಗುರ, ಡಾಬು, ಉದ್ದ ಹಾರ ಎಲ್ಲ ಲೋಹ. ಹೊರಗೆ ಹೋದ ಹತ್ತೇ ನಿಮಿಷದಲ್ಲಿ ಮೈ ಕೊರೆಯುತ್ತವೆ. ಕಾಲುಂಗುರ ತೊಡಿಸುವ ಶಾಸ್ತ್ರ ಒಳಗೆ ಮುಗಿಸಿ, ಫೋಟೊಗೆ ಹೋಗುವಾಗ ಡಾಬು ತೆಗೆದಿಡಿ. ರವಿಕೆಯ ಬಣ್ಣದ್ದೇ ತೋಳುದ್ದದ ಥರ್ಮಲ್ ಮೊದಲೇ ಹೊಲಿಸಿಕೊಳ್ಳಿ. ಮದರಂಗಿಗೆ ಕೈ ಬೆಚ್ಚಗಿರಬೇಕು, ತಣ್ಣನೆಯ ಕೈಯಲ್ಲಿ ಬಣ್ಣ ಕಟ್ಟುವುದಿಲ್ಲ. ಅದನ್ನು ಬೆಂಗಳೂರಿನಲ್ಲೇ ಹಚ್ಚಿಸಿಕೊಂಡು ಬನ್ನಿ.

ಅತಿಥಿಗಳಿಗೆ ಹೇಳುವುದು ಕಡಿಮೆ: ಹತ್ತಿ ಬನಿಯನ್ ಒದ್ದೆಯಾದರೆ ಒಣಗದು, ಉಣ್ಣೆ ತನ್ನಿ. ಕೋಟು, ಗಂಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಬಿಸಿಲಿದ್ದರೆ ಕಪ್ಪು ಕನ್ನಡಕ ಬೇಕು, ಹೊಸ ಹಿಮ ಬಿಸಿಲನ್ನು ಬಹುಪಾಲು ಹಾಗೆಯೇ ಮುಖಕ್ಕೆ ಎಸೆಯುತ್ತದೆ. ಮಂಕಿ ಕ್ಯಾಪ್ ಬಗ್ಗೆ ನಮ್ಮ ಹಿರಿಯರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ.

11. ಬಿಳಿಯ ಮೇಲೆ ಬಿಳಿ ಬೇಡ

ಅಲಂಕಾರದವರು ಬಿಳಿ ಪರದೆ, ಬಿಳಿ ಹೂ, ತಿಳಿಗುಲಾಬಿ ಎಂದು ಚಿತ್ರ ತರುತ್ತಾರೆ. ಹಿಮದ ಮುಂದೆ ಅದೆಲ್ಲ ಕೊಳೆ ಕಾಣುತ್ತದೆ. ಚೆಂಡುಹೂವಿನ ಹಳದಿ, ಕುಂಕುಮದ ಕೆಂಪು, ಮಾವಿನೆಲೆಯ ಹಸಿರು, ನಮ್ಮ ಹಳೆಯ ಬಣ್ಣಗಳೇ ಗೆಲ್ಲುವುದು. ಮಲ್ಲಿಗೆ ಚಳಿಗೆ ಕಂದುತ್ತದೆ, ಸೇವಂತಿಗೆ ತಡೆಯುತ್ತದೆ. ಕ್ಯಾಮೆರಾದವರಿಗೆ ಎರಡು ಮಾತು: ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಬೆಚ್ಚಗಿನ ಸಭಾಂಗಣಕ್ಕೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಇಲ್ಲದಿದ್ದರೆ ಮಸೂರದ ಮೇಲೆ ನೀರು ಕಟ್ಟಿ ಮಾಂಗಲ್ಯಧಾರಣೆಯೇ ಮಸುಕಾಗುತ್ತದೆ. ನಿಯಂತ್ರಣ ರೇಖೆ ದೂರವಿಲ್ಲ, ಅನುಮತಿಯಿಲ್ಲದೆ ಡ್ರೋನ್ ಎತ್ತಬೇಡಿ.

12. ಕೋಣೆಯ ಬಿಸಿ ಕೊಲ್ಲಲೂಬಹುದು

ಕಾಶ್ಮೀರದಲ್ಲಿ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರನ್ನೋ ಬುಖಾರಿ ಎಂಬ ಕಟ್ಟಿಗೆ ಒಲೆಯನ್ನೋ ಉರಿಸಿ ಮಲಗಿ ಉಸಿರುಗಟ್ಟಿ ಸತ್ತ ಸುದ್ದಿ ಚಳಿಗಾಲದಲ್ಲಿ ಬರುತ್ತಲೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹೋಟೆಲು ಆರಿಸುವಾಗ ಪರದೆಯ ಚಂದ ನೋಡುವ ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ಕೊಳವೆಯಲ್ಲಿ ಬರುವ ಬಿಸಿಯೋ, ವಿದ್ಯುತ್ ಕಂಬಳಿಯೋ ಆದರೆ ಒಳ್ಳೆಯದು. ಬುಖಾರಿಯಾದರೆ ಮಲಗುವ ಮುಂಚೆ ಆರಿಸಿ, ಕಿಟಕಿ ಬೆರಳಷ್ಟು ತೆರೆದಿಡಿ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಅಪಾಯಸೂಚಕಗಳು ದುಬಾರಿಯಲ್ಲ, ಹಿರಿಯರ ಕೋಣೆಗಳಿಗೆ ನಾನೇ ತಗೊಂಡು ಹೋಗುತ್ತೇನೆ. ಕರೆಂಟು ಹೋದರೆ ಜನರೇಟರು ಗೀಸರನ್ನೂ ಎಳೆಯುತ್ತದೆಯೇ ಎಂದೂ ಕೇಳಿ. ಮುಹೂರ್ತದ ಬೆಳಿಗ್ಗೆ ನೂರು ಜನಕ್ಕೂ ಒಂದೇ ಹೊತ್ತಿಗೆ ಬಿಸಿನೀರು ಬೇಕು.

ಎತ್ತರಕ್ಕಿಂತ ಹೆಚ್ಚು ಜನರನ್ನು ಬೀಳಿಸುವುದು ಜಾರುವ ಮೆಟ್ಟಿಲು. ಹಗಲು ಕರಗಿದ ಹಿಮ ಸಂಜೆ ಗಾಜಾಗುತ್ತದೆ. ಬಾಗಿಲಿನಿಂದ ಗಾಡಿಯವರೆಗೆ ಉಪ್ಪು, ಮರಳು ಹಾಕಿಸಿ, ಕೈಹಿಡಿಯಲು ಇಬ್ಬರು ಹುಡುಗರನ್ನು ನಿಲ್ಲಿಸಿ. ಚಿಕ್ಕ ಆಸ್ಪತ್ರೆ ತಂಗ್‌ಮಾರ್ಗ್‌ನಲ್ಲಿದೆ, ದೊಡ್ಡವು ಶ್ರೀನಗರದಲ್ಲಿ. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಹಿಮದ ದಾರಿಯಲ್ಲಿ ಇಳಿಸುವುದು ಸುಲಭವಲ್ಲ.

13. ಕರಾರು ಮತ್ತು ಇನ್ನೊಂದು ಸಭಾಂಗಣ

"ಪ್ರಕೃತಿ ವಿಕೋಪವಾದರೆ ಹೋಟೆಲು ಹೊಣೆಯಲ್ಲ" ಎಂಬ ಒಂದು ಸಾಲು ಎಲ್ಲ ಕರಾರಿನಲ್ಲೂ ಇರುತ್ತದೆ. ಅದನ್ನು ಹಾಗೆಯೇ ಒಪ್ಪಬೇಡಿ. ತಂಗ್‌ಮಾರ್ಗ್ ರಸ್ತೆ ಮುಚ್ಚಿದರೆ ಏನು, ವಿಮಾನ ರದ್ದಾದರೆ ಏನು, ಸರಕಾರ ಪ್ರವಾಸಿ ತಾಣ ಮುಚ್ಚಿದರೆ ಏನು, ಮೂರನ್ನೂ ಬೇರೆ ಬೇರೆ ಬರೆಸಿ. ಪೂರ್ತಿ ಹಣ ವಾಪಸು ಬರದಿದ್ದರೂ ಬೇರೆ ದಿನಕ್ಕೆ ಬದಲಾಯಿಸುವ ಹಕ್ಕು ಇರಲಿ. ವಿಮಾನದವರು ಟಿಕೆಟ್ ಹಣ ಕೊಡುತ್ತಾರೆ, ಕೋಣೆಯ ಹಣ ಯಾರೂ ಕೊಡುವುದಿಲ್ಲ. ಒಟ್ಟು ಖರ್ಚಿನಲ್ಲಿ ಹತ್ತನೇ ಒಂದು ಭಾಗ ಮುಟ್ಟದೆ ಇಡಿ. ಶ್ರೀನಗರದಲ್ಲಿ ಅದೇ ದಿನಕ್ಕೆ ಒಂದು ಚಿಕ್ಕ ಸಭಾಂಗಣವನ್ನು ಕಾದಿರಿಸಿರುತ್ತೇನೆ. ದಾರಿ ಮುಚ್ಚಿದರೆ ಧಾರೆ ಅಲ್ಲೇ.

2025ರ ಏಪ್ರಿಲ್ 22ರ ಪಹಲ್ಗಾಮ್ ಉಗ್ರರ ದಾಳಿಯಾದ ಮೇಲೆ ಪ್ರತಿ ಮನೆಯ ಹಿರಿಯರೂ ಕೇಳುವ ಮೊದಲ ಪ್ರಶ್ನೆ ಹಿಮದ್ದಲ್ಲ. ನಾನು ಯಾರನ್ನೂ ಒಪ್ಪಿಸಲು ಹೋಗುವುದಿಲ್ಲ. ಎರಡೂ ಮನೆಯವರಲ್ಲಿ ಒಬ್ಬರು ಹೆದರಿದರೂ ಊರು ಬದಲಾಯಿಸಿ. ಅಟಲ್ ಸುರಂಗ ಬಂದಮೇಲೆ ಮನಾಲಿಯಿಂದ ಸಿಸ್ಸುವಿನ ಹಿಮಕ್ಕೆ ಹೋಗುವುದು ಸುಲಭವಾಗಿದೆ.

14. ಬಿಟ್ಟುಬರುವ ಕಸ, ಕೊಟ್ಟುಬರುವ ಕೂಲಿ

2019ರ ಜೂನ್‌ನಲ್ಲಿ ಔಲಿಯಲ್ಲಿ ನಡೆದ, ಉದ್ಯಮಿಗಳಾದ ಗುಪ್ತಾ ಕುಟುಂಬದ ಭಾರಿ ಮದುವೆಗಳಿಗೆ ಉತ್ತರಾಖಂಡ ಹೈಕೋರ್ಟ್ 3 ಕೋಟಿ ರೂಪಾಯಿ ಠೇವಣಿ ಇಡಿಸಿತ್ತು. ಜೋಶಿಮಠದ ಪುರಸಭೆಯವರು ಆಮೇಲೆ ನೂರಾರು ಕ್ವಿಂಟಲ್ ಕಸ ಇಳಿಸಬೇಕಾಯಿತು. ಅದು ಬೇಸಿಗೆ. ಹಿಮದಲ್ಲಿ ಕಸ ಮುಚ್ಚಿಹೋಗುತ್ತದೆ, ಹಿಮ ಕರಗಿದ ಮೇಲೆ ಹುಲ್ಲಿನ ನಡುವೆ ಎದ್ದು ಕಾಣುತ್ತದೆ. ಹಾಗಾಗಿ ಕಾಗದದ ಚೂರು, ಥರ್ಮೊಕೋಲ್, ಮಿನುಗುಪುಡಿ ನನ್ನ ಮದುವೆಗಳಲ್ಲಿ ಇಲ್ಲ. ಅಕ್ಷತೆ ಸಭಾಂಗಣದ ಒಳಗೆ ಮಾತ್ರ. ಮುಂಜಾನೆ ನಾಲ್ಕಕ್ಕೆ ಎದ್ದು ಮೆಟ್ಟಿಲ ಹಿಮ ಎತ್ತುವ ಹುಡುಗರಿಗೆ, ಸ್ಲೆಡ್ಜ್ ಎಳೆಯುವವರಿಗೆ ಕೂಲಿಯನ್ನು ಹೋಟೆಲಿನ ಮೂಲಕ ಕಳಿಸದೆ ಕೈಯಲ್ಲೇ ಕೊಡಿ.

15. ಯಾರಿಗೆ ಬೇಡ ಎನ್ನುತ್ತೇನೆ

ಎಂಬತ್ತು ದಾಟಿದ ಅಜ್ಜ ಅಜ್ಜಿ, ಹೃದಯದ ತೊಂದರೆಯ ತಂದೆ, ದಮ್ಮಿನ ಸೋದರತ್ತೆ, ಇವರಲ್ಲಿ ಒಬ್ಬರು ಧಾರೆಯ ಹೊತ್ತಿಗೆ ಪಕ್ಕದಲ್ಲಿರಲೇಬೇಕು ಎಂದಿದ್ದರೆ ಹಿಮದಲ್ಲಿ ಮುಹೂರ್ತ ಇಡಬೇಡಿ. ಧಾರೆ, ಹೋಮ, ಊಟ ಎಲ್ಲವನ್ನೂ ಊರಿನಲ್ಲೇ, ಬಾಳೆ ಎಲೆಯ ಮೇಲೆ ಮುಗಿಸಿ. ವಾರದ ಮೇಲೆ ನಲವತ್ತು ಜನ, ನಡೆಯಬಲ್ಲವರು ಮಾತ್ರ, ಗುಲ್ಮಾರ್ಗ್‌ಗೆ ಆರತಕ್ಷತೆಗೆ ಹೋಗಿ. ಅದಕ್ಕೆ ಲಗ್ನದ ಹಂಗಿಲ್ಲ, ಒಂದು ದಿನ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಹೀಗೆ ಮಾಡಿದರೆ ನನಗೆ ಸಿಗುವ ಹಣ ಕಡಿಮೆ. ಆದರೂ ನನ್ನ ಕಚೇರಿಗೆ ಬಂದವರಿಗೆ ಮೊದಲು ಕೊಡುವ ಸಲಹೆ ಇದೇ.